ಖಾಲಿ ಕುರ್ಚಿಗಳ ಹಾಜರಿ

"ಅಮ್ಮಾ, ನನ್ನ ಮುಖ ಇಲ್ಲಿದೆ ಲಾ!" ಎಂದು ನನ್ನ ಮಗಳು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ನನಗೊಂದು ಚಾಳಿ ಅಂಟಿಕೊಂಡಿದೆ. ಯಾರ ಜೊತೆ ಮಾತಾಡಲಿ, ಎರಡು ವಾಕ್ಯ ಅವರ ಮುಖ ನೋಡಿ ಹೇಳುತ್ತೇನೆ, ಮೂರನೆಯದನ್ನು ಅವರ ತಲೆಯ ಮೇಲಿಂದ ಹಿಂದಿನ ಗೋಡೆಗೆ ಹೇಳುತ್ತೇನೆ. ಹೋದ ಗೌರಿ ಹಬ್ಬಕ್ಕೆ ಬೆಡೋಕ್‌ನಲ್ಲಿ ಗೆಳತಿಯ ಮನೆಗೆ ಕುಂಕುಮಕ್ಕೆ ಹೋಗಿದ್ದೆ. ಅವಳ ಅತ್ತೆಯ ಮಂಡಿನೋವನ್ನು ಬಹಳ ಕಾಳಜಿಯಿಂದ ವಿಚಾರಿಸುತ್ತ ನಾನು ನೋಡುತ್ತಿದ್ದುದು ಗೋಡೆ ಗಡಿಯಾರವನ್ನಂತೆ. ಆ ಹಿರಿಯರೂ ತಿರುಗಿ ಗಡಿಯಾರ ನೋಡಿ, "ಹೊತ್ತಾಯ್ತೇನಮ್ಮಾ? ಹೊರಟ್ಯಾ?" ಎಂದು ಎದ್ದು ತಾಂಬೂಲದ ತಟ್ಟೆ ತಂದೇಬಿಟ್ಟರು. ಕೋಸಂಬರಿಯ ಬಟ್ಟಲು ಇನ್ನೂ ನನ್ನ ಕೈಯಲ್ಲೇ ಇತ್ತು.

ಇದೆಲ್ಲ ನಾಲ್ಕು ವರ್ಷದ ಹಿಂದಿನ ಒಂದು ಸೆಮಿಸ್ಟರಿನ ಪ್ರಸಾದ. ನಾನು ಮೈಸೂರು ಬಿಟ್ಟು ಬಂದು ನೆಲೆಸಿದ ಈ ಪುಟ್ಟ ದ್ವೀಪದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಸಂಜೆ ಹೊತ್ತು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಹಗಲೆಲ್ಲ ದುಡಿದು, ಆಮೇಲೆ ಡಿಗ್ರಿ ಮಾಡುವ ಹಟ ಹಿಡಿದವರಿಗೆ. ತಂಜಾಂಗ್ ಪಗಾರಿನ ಬ್ಯಾಂಕುಗಳಿಂದ ಟೈ ಸಡಿಲಿಸಿಕೊಂಡು ಬರುವವರು, ಅಂಗಡಿ ನೋಡಿಕೊಳ್ಳುವವರು, ಆಸ್ಪತ್ರೆಯ ನರ್ಸುಗಳು. ಆ ವರ್ಷ ಮೇಲಿನವರಿಗೆ ಒಂದು ಹುಮ್ಮಸ್ಸು ಬಂತು. ಬರಲಾಗದವರು ಇದ್ದಲ್ಲಿಂದಲೇ ಕಂಪ್ಯೂಟರಿನಲ್ಲಿ ಪಾಠ ಕೇಳಲಿ, ಬಂದವರು ಎದುರಿಗೆ ಕೂತು ಕೇಳಲಿ, ಮೇಷ್ಟರು ಇಬ್ಬರಿಗೂ ಒಟ್ಟಿಗೇ ಹೇಳಲಿ. ಒಂದು ತರಗತಿಯಲ್ಲಿ ಪ್ರಯೋಗ ಮಾಡಿ ನೋಡೋಣ ಎಂದರು. ಆಗಿನ್ನೂ ಇದು ಹೊಸತು. ಮೀಟಿಂಗಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಬಿಸ್ಕತ್ತು ನೋಡುತ್ತಿದ್ದಾಗ ನಾನು ಒಬ್ಬಳೇ ತಲೆಯೆತ್ತಿ ಟೀ ಕುಡಿಯುತ್ತಿದ್ದೆ. ಕೆಲಸ ನನ್ನ ಕೊರಳಿಗೆ ಬಿತ್ತು.

ಎದುರಿಗೆ ಇಪ್ಪತ್ತೆರಡು ಜನ. ಕ್ಯಾಮೆರಾದ ಆಚೆ ಒಂಬತ್ತು ಜನ. ಕ್ಯಾಮೆರಾ ಇದ್ದದ್ದು ಕೊನೆಯ ಸಾಲಿನ ಹಿಂದೆ, ಮೂರು ಕಾಲಿನ ಮೇಲೆ. ಅದನ್ನು ನೋಡಿಕೊಳ್ಳುತ್ತಿದ್ದವರು ಲಿಮ್ ಅಂಕಲ್ ಎಂಬ ತಂತ್ರಜ್ಞರು, ನಿವೃತ್ತಿಗೆ ಎರಡು ವರ್ಷ ಇದ್ದವರು. ಮೊದಲ ದಿನವೇ ಅವರು ಕೈಕಟ್ಟಿ ನಿಂತು ಹೇಳಿದರು, "ಮ್ಯಾಮ್, ನೀವು ಆ ಕೆಂಪು ದೀಪ ನೋಡಿ ಮಾತಾಡಿದ್ರೆ ಆನ್‌ಲೈನ್‌ನವರಿಗೆ ಖುಷಿ. ಆಗ ಇಲ್ಲಿರೋರು, ಮ್ಯಾಮ್ ಯಾಕೆ ಗೋಡೆ ನೋಡ್ತಾರೆ ಅಂತಾರೆ. ಇಬ್ರಿಗೂ ಖುಷಿ ಮಾಡಕ್ಕಾಗಲ್ಲ ಲಾ." ಅವರು ಆಡಿದ್ದು ಇಲ್ಲಿಯ ಇಂಗ್ಲಿಷು. ಇಷ್ಟು ವರ್ಷದಲ್ಲಿ ಅದು ನನ್ನ ಕಿವಿಯೊಳಗೆ ಕನ್ನಡವಾಗಿಯೇ ಇಳಿಯುತ್ತದೆ, ಹಾಗೇ ಬರೆಯುತ್ತೇನೆ. 'ಲಾ' ಒಂದು ಮಾತ್ರ ಎಲ್ಲೂ ಇಳಿಯುವುದಿಲ್ಲ.

ನನ್ನ ಇನ್ನೊಂದು ರೋಗ ನಡೆದಾಡುವುದು. ನಿಂತಲ್ಲಿ ನಿಂತರೆ ನನಗೆ ಸರಾಸರಿಯೂ ಹೊಳೆಯುವುದಿಲ್ಲ. ಮೊದಲ ತರಗತಿಯಲ್ಲಿ ಆಚೆಯವರಿಗೆ ನನ್ನ ಕೈ ಮಾತ್ರ, ಆಗಾಗ ಸೆರಗು ಮಾತ್ರ ಕಂಡಿತಂತೆ. ಮುಂದಿನ ವಾರ ಬರುವಷ್ಟರಲ್ಲಿ ಲಿಮ್ ಅಂಕಲ್ ನೆಲದ ಮೇಲೆ ಹಳದಿ ಟೇಪಿನಿಂದ ಒಂದು ಚೌಕ ಅಂಟಿಸಿಟ್ಟಿದ್ದರು. ಇದರೊಳಗೇ ಇರಬೇಕು. ಆ ಚೌಕ ನೋಡಿದ ಕೂಡಲೇ ನನಗೆ ಮೈಸೂರಿನ ನಮ್ಮ ಬೀದಿಯ ಕುಂಟೆಬಿಲ್ಲೆ ನೆನಪಾಯಿತು. ಹೆಂಚಿನ ಚೂರನ್ನು ಎಂಜಲು ಹಚ್ಚಿ ಎಸೆದು, ಗೆರೆ ಮುಟ್ಟದೆ ಕುಂಟಿ ಬರುವುದರಲ್ಲಿ ನಾನು ಆ ಬೀದಿಗೇ ರಾಣಿ. ನಲವತ್ತೆರಡರ ಹೆಂಗಸು ಪ್ರಮಾಣ ವಿಚಲನೆ ವಿವರಿಸುತ್ತ ಗೆರೆ ಬಂದ ಕೂಡಲೇ ಒಂಟಿ ಕಾಲಿನಲ್ಲಿ ಗಕ್ಕನೆ ನಿಂತು ಹಿಂದಕ್ಕೆ ತಿರುಗುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಮೂರನೆಯ ವಾರದಿಂದ ಹುಡುಗರು ನಾನು ಗೆರೆ ಮುಟ್ಟಿದಾಗಲೆಲ್ಲ "ಔಟ್!" ಎಂದು ಕೂಗತೊಡಗಿದರು.

ಎರಡು ಕಡೆಯ ಪಾಠ ನನಗೆ ಹೊಸತಲ್ಲ ಎಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ. ನಮ್ಮಪ್ಪ ಸಂಜೆ ಮನೆಪಾಠ ಹೇಳುತ್ತಿದ್ದರು. ಹುಡುಗರು ಜಗುಲಿಯಲ್ಲಿ, ಹುಡುಗಿಯರು ನಡುಮನೆಯಲ್ಲಿ, ಅಪ್ಪ ನಡುವಿನ ಬಾಗಿಲಲ್ಲಿ. ಹೊಸ್ತಿಲ ಮೇಲೆ ಕೂರುವ ಹಾಗಿಲ್ಲ, ಅಜ್ಜಿ ಬಿಡುತ್ತಿರಲಿಲ್ಲ. "ಅದು ನರಸಿಂಹ ದೇವರು ಕೂತ ಜಾಗ ಕಣೋ, ಲೆಕ್ಕದ ಮೇಷ್ಟ್ರಿಗಲ್ಲ" ಎನ್ನುತ್ತಿದ್ದರು. ಹಾಗಾಗಿ ಅಪ್ಪ ಒಂದು ಮಣೆಯನ್ನು ಒಳಗೆ ಹಾಕಿ, ಕತ್ತನ್ನು ಹೊರಗೆ ಹಾಕಿ ಕೂರುತ್ತಿದ್ದರು. ಪಕ್ಕದ ಮನೆಯ ಪದ್ಮಮ್ಮ ಅಡುಗೆಮನೆಯ ಕಿಟಕಿಯಿಂದಲೇ ಬೀಜಗಣಿತ ಕೇಳಿಸಿಕೊಂಡು, ಹುಡುಗರು ತಡವರಿಸಿದಾಗ ಒಗ್ಗರಣೆಯ ಮಧ್ಯೆ ಉತ್ತರ ಕೂಗಿಬಿಡುತ್ತಿದ್ದರು. ಅಪ್ಪನಿಗೆ ಕೊನೆಗಾಲದವರೆಗೂ ಕತ್ತು ನೋವಿತ್ತು. ನನಗೆ ಬಂದ ಪಿತ್ರಾರ್ಜಿತ ಅದೊಂದೇ ಎಂದು ನನ್ನ ಗಂಡ ನೋವಿನೆಣ್ಣೆ ತಿಕ್ಕುವಾಗಲೆಲ್ಲ ಹೇಳುತ್ತಾರೆ.

ಆಚೆಯ ಒಂಬತ್ತು ಜನರಲ್ಲಿ ಎಂಟು ಜನ ಬಾಯಿ ಬಿಡುತ್ತಿರಲಿಲ್ಲ, ಬರೆದು ಕಳಿಸುತ್ತಿದ್ದರು. ಆ ಬರಹ ನನ್ನ ಮೇಜಿನ ಮೇಲಿದ್ದ ಸಣ್ಣ ತೆರೆಯ ಮೇಲೆ ಬರುತ್ತಿತ್ತು. ಎದುರಿಗಿದ್ದವರ ಮಾತು ಎಲ್ಲರಿಗೂ ಕೇಳುವಾಗ ಇವರದೂ ಕೇಳಬೇಕಲ್ಲ? ಬಂದ ಪ್ರತಿ ಸಾಲನ್ನೂ ಕೂಡಲೇ ಗಟ್ಟಿಯಾಗಿ ಓದಿಬಿಡುವುದಾಗಿ ಮೊದಲ ದಿನವೇ ಮಾತು ಕೊಟ್ಟಿದ್ದೆ. ಮಾತು ಕೊಟ್ಟ ಮೇಲೆ ತಪ್ಪಬಾರದು ಎಂದು, "ಅಮ್ಮಾ ಬಾತ್‌ರೂಮಿಗೆ ಬಾ ಅಂತಿದಾನೆ ಮಗ, ಐದು ನಿಮಿಷ" ಎಂಬುದನ್ನೂ ಇಪ್ಪತ್ತೆರಡು ಜನರೆದುರು ಓದಿದ್ದೇನೆ.

ಬಾಯಿ ಬಿಡುತ್ತಿದ್ದ ಒಂಬತ್ತನೆಯವರು ಹಲೀಮಾ. ನನಗಿಂತ ಮೂರು ವರ್ಷ ದೊಡ್ಡವರು. ಪಾಸಿರ್ ಪಂಜಾಂಗ್‌ನ ಕಂಟೇನರ್ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ, ಶಿಫ್ಟಿನ ಕೆಲಸ. ಊಟದ ವಿರಾಮ ಮತ್ತು ಸಹೋದ್ಯೋಗಿಗಳ ಕೈಕಾಲು ಹಿಡಿದು ಬದಲಾಯಿಸಿಕೊಂಡ ಹೊತ್ತು ಎರಡನ್ನೂ ಜೋಡಿಸಿ ಕ್ಯಾಂಟೀನಿನ ಮೂಲೆಯಿಂದ ಪಾಠ ಕೇಳುತ್ತಿದ್ದರು. ಇಂಟರ್ನೆಟ್ ಸಾಲುವುದಿಲ್ಲ ಎಂದು ತಮ್ಮ ಕಡೆಯ ವಿಡಿಯೋ ಆಫ್ ಮಾಡಿಡುತ್ತಿದ್ದುದರಿಂದ ನಾನು ಅವರ ಮುಖ ಕಂಡಿರಲಿಲ್ಲ. ಡಿಗ್ರಿಗೆ ಸೇರಿದ್ದು ಇದು ಮೂರನೆಯ ಸಲ. ಮೊದಲೆರಡು ಸಲ ತರಗತಿಗೆ ಬರಲಾಗದೆ ಬಿಟ್ಟಿದ್ದರು. "ಈ ಸಲ ನೀವು ನನ್ನ ಹತ್ರ ಬರ್ತಿದೀರಲ್ಲ ಮ್ಯಾಮ್, ಈ ಸಲ ಮುಗಿಸ್ತೀನಿ ಲಾ" ಎಂದಿದ್ದರು. ಇಡೀ ತರಗತಿಯಲ್ಲಿ ಒಳ್ಳೆಯ ಪ್ರಶ್ನೆ ಕೇಳುತ್ತಿದ್ದವರು ಅವರೇ. ಅವರ ಧ್ವನಿ ಬರುವುದು ಮಾತ್ರ ನಾಲ್ಕೈದು ಸೆಕೆಂಡು ತಡ. ಗಂಡ ಬೆಳಿಗ್ಗೆ ಆರು ಪರಾಟಾ ತಿಂದು ನಾನು ಒಂದೂ ತಿನ್ನದಿದ್ದರೂ ಸರಾಸರಿಯ ಪ್ರಕಾರ ನನ್ನ ಹೊಟ್ಟೆಯಲ್ಲಿ ಮೂರು ಪರಾಟಾ ಇವೆ ಎಂದು ನಾನು ಅಂದರೆ, ಕೋಣೆ ನಕ್ಕು ಸುಮ್ಮನಾಗುತ್ತಿತ್ತು. ನಾನು ಹಲಗೆಯ ಕಡೆ ತಿರುಗಿದಾಗ ಸ್ಪೀಕರಿನಿಂದ "ಹಹಹಹ!" ಎಂದು ಹಲೀಮಾ. ಆ ನಗುವಿಗೆ ಕೋಣೆ ಇನ್ನೊಮ್ಮೆ ನಗುತ್ತಿತ್ತು. ಒಂದೇ ಹಾಸ್ಯಕ್ಕೆ ಎರಡು ಬೆಳೆ! ನನ್ನಂಥ ಮೇಷ್ಟರಿಗೆ ಇದಕ್ಕಿಂತ ಇನ್ನೇನು ಬೇಕು? ನಾನು ಪಾಠಕ್ಕಿಂತ ಹಾಸ್ಯವನ್ನೇ ಹೆಚ್ಚು ತಯಾರಿ ಮಾಡಿಕೊಂಡು ಬರಲು ಶುರುಮಾಡಿದೆ.

ಎಂಟನೆಯ ವಾರ ಆಫೀಸಿನಿಂದ ಒಂದು ಇಮೇಲ್ ಬಂತು. ಹಾಜರಿ ಪಟ್ಟಿಯಲ್ಲಿ ಇದ್ದದ್ದು ಎರಡೇ ಕಲಂ, ಹಾಜರು ಮತ್ತು ಗೈರು. ನಾನು ಮೂವತ್ತೊಂದು ಜನರಿಗೂ ಹಾಜರಿ ಹಾಕುತ್ತಿದ್ದೆ. ಹಾಗೆ ಹಾಕುವಂತಿಲ್ಲ, ಕೋಣೆಯಲ್ಲಿ ಕೂತವರು ಮಾತ್ರ ಹಾಜರು, ಉಳಿದ ಒಂಬತ್ತು ಜನ ಎಂಟೂ ವಾರ ಗೈರು, ನಿಯಮದ ಪ್ರಕಾರ ಅವರಿಗೆ ಪರೀಕ್ಷೆ ಇಲ್ಲ ಎಂದು ಅದರ ಸಾರಾಂಶ. ಪ್ರಯೋಗ ಮಾಡಿ ಎಂದವರೇ ಪಟ್ಟಿಗೆ ಮೂರನೆಯ ಕಲಂ ಸೇರಿಸಲು ಮರೆತಿದ್ದರು! ನಾನು ಓಡಿ ಹೋಗಿ ವಿಭಾಗದ ಮುಖ್ಯಸ್ಥರ ಬಾಗಿಲು ತಟ್ಟಿದೆ. ಅವರು ಇಲ್ಲಿಯೇ ಹುಟ್ಟಿ ಬೆಳೆದವರು, ಕೆಟ್ಟವರೇನಲ್ಲ, ಆದರೆ ನಿಯಮ ಎಂದರೆ ನಿಯಮ. "ಮುಂದಿನ ವಾರ ನಾನೇ ಬಂದು ನೋಡ್ತೀನಿ. ನೋಡಿ ತೀರ್ಮಾನ ಮಾಡೋಣ" ಎಂದರು.

ತರಗತಿಯಲ್ಲಿ ವಿಷಯ ಹೇಳಿದೆ. ಎಲ್ಲ ಗೊಣಗಿದರು. ನಾಲ್ಕೈದು ಸೆಕೆಂಡು ಕಳೆದ ಮೇಲೆ ಸ್ಪೀಕರಿನಲ್ಲಿ ಹಲೀಮಾ ನಗಲಿಲ್ಲ. "ಹಾಗಾದ್ರೆ ನಾನು ಮತ್ತೆ ಸ್ಟಾಪಾ, ಮ್ಯಾಮ್?" ಎಂದರು, ಅಷ್ಟೇ. ಅವತ್ತು ಒಂದೂ ಹಾಸ್ಯ ಹೇಳದೆ, ಗೆರೆಯನ್ನೂ ದಾಟದೆ ಪಾಠ ಮುಗಿಸಿದೆ.

ಮುಂದಿನ ವಾರ ಹೋಗಿ ನೋಡುತ್ತೇನೆ, ಖಾಲಿ ಇದ್ದ ಒಂಬತ್ತು ಕುರ್ಚಿಗಳ ಮೇಲೂ ಒಂದೊಂದು ಟಿಶ್ಯೂ ಪೊಟ್ಟಣ! ಮುಂದಿನ ಸಾಲಿನ ವೇ ಮಿಂಗ್ ಎಂಬ ಬ್ಯಾಂಕಿನ ಹುಡುಗನ ಕಿತಾಪತಿ ಅದು. "ನಮ್ಮ ಆನ್‌ಲೈನ್ ಜನಕ್ಕೆ ಚೋಪ್ ಮಾಡಿದೀವಿ ಮ್ಯಾಮ್" ಎಂದ. ಇಲ್ಲಿಯ ಹಾಕರ್ ಸೆಂಟರುಗಳಲ್ಲಿ ಊಟಕ್ಕೆ ಹೋದವರು ಮೊದಲು ಕುರ್ಚಿಯ ಮುಂದೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಆಮೇಲೆ ತಟ್ಟೆ ತರಲು ಕ್ಯೂ ನಿಲ್ಲುತ್ತಾರೆ. ಪೊಟ್ಟಣ ಇದ್ದರೆ ಆ ಜಾಗ ಅವರದು. ಅದಕ್ಕೇ ಚೋಪ್ ಎನ್ನುವುದು. ನಾನು ಈ ಊರಿಗೆ ಬಂದ ಮೊದಲ ವಾರ ಅದನ್ನು ನೋಡಿ, ಅಬ್ಬಾ, ಗಿರಾಕಿಗೆ ಎಂಥ ಉಪಚಾರ ಎಂದು ಮೆಚ್ಚಿ, ಕೂತು, ಪೊಟ್ಟಣ ಒಡೆದು ಮೂಗು ಒರೆಸಿಕೊಂಡಿದ್ದೆ. ನೂಡಲ್ಸ್ ಬಟ್ಟಲು ಹಿಡಿದು ಬಂದ ಅಂಕಲ್ ಒಬ್ಬರು ನನ್ನನ್ನೂ ನನ್ನ ಮೂಗನ್ನೂ ನೋಡಿದ ನೋಟ ನನಗೆ ಈಗಲೂ ಮರೆತಿಲ್ಲ. ನಮ್ಮ ಮೈಸೂರು ಬಸ್ ಸ್ಟ್ಯಾಂಡಿನಲ್ಲೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಆದರೆ ಅಲ್ಲಿ ಟವೆಲ್ಲಿನ ಬೆಲೆ ಅದನ್ನು ಎಸೆದವನ ಗಂಟಲಿನಷ್ಟೇ. ಗಟ್ಟಿ ಆಸಾಮಿ ಬಂದರೆ ಟವೆಲ್ ಕಿಟಕಿಯಿಂದಲೇ ವಾಪಸ್. ಇಲ್ಲಿ ಹಾಗಲ್ಲ. ಟಿಶ್ಯೂ ಪೊಟ್ಟಣ ಇಟ್ಟ ಜಾಗಕ್ಕೆ ಯಾರೂ ಕೈ ಹಾಕುವುದಿಲ್ಲ.

ಮುಖ್ಯಸ್ಥರು ಬಿಳಿ ಷರ್ಟು ತೊಟ್ಟು, ಕೈಯಲ್ಲೊಂದು ಫೈಲು ಹಿಡಿದು ಬಂದರು. ಅವತ್ತು ಇಪ್ಪತ್ತೆರಡು ಜನವೂ ಬಂದು ಕೂತಿದ್ದರು, ಆ ಕೋಣೆಯಲ್ಲಿ ಇದ್ದದ್ದೇ ಮೂವತ್ತೊಂದು ಕುರ್ಚಿ. ಅವರು ಸಾಲುಗಳ ಮೇಲೆ ಕಣ್ಣಾಡಿಸಿದರು. ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವ ಜನವೇ ನಾವು? "ಬನ್ನಿ ಸರ್, ಕೂತ್ಕೊಳ್ಳಿ" ಎಂದು ಕೊನೆಯ ಸಾಲಿನ ಒಂದು ಕುರ್ಚಿ ತೋರಿಸಿದೆ. ಅವರು ಅದರ ಮೇಲಿದ್ದ ಪೊಟ್ಟಣ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, "ಬೇಡ, ಬೇಡ, ಅಲ್ಲಿ ಜನ ಇದಾರೆ" ಎಂದರು. ಇನ್ನೊಮ್ಮೆ ಒತ್ತಾಯ ಮಾಡುವ ಧೈರ್ಯ ನನಗೆ ಬರಲಿಲ್ಲ. ಅವರು ಹಿಂದಕ್ಕೆ ಹೋಗಿ ನಿಂತರು. ನಿಂತೇ ಇದ್ದರು.

ಹತ್ತು ನಿಮಿಷವಾಯಿತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಅಚ್ಚುಕಟ್ಟಾಗಿ ಚೌಕದೊಳಗೆ ನಿಂತು, ಬಂದರಿಗೆ ಬರುವ ಹಡಗುಗಳು ಕಾಯುವ ಸಮಯವನ್ನು ವಿವರಿಸುತ್ತಿದ್ದೆ. ಮೇಜಿನ ತೆರೆಯ ಮೇಲೆ ಒಂದು ಸಾಲು ಬಂತು. ಅಭ್ಯಾಸಬಲ, ನೋಡಿದ್ದೇ ತಡ ಗಟ್ಟಿಯಾಗಿ ಓದಿದೆ.

"ಯಾರೋ ಬಿಳಿ ಷರ್ಟಿನ ಅಂಕಲ್ ಕ್ಯಾಮೆರಾಗೆ ಅಡ್ಡ ನಿಂತಿದಾರೆ, ಅವರ ಬೆನ್ನು ಬಿಟ್ರೆ ಏನೂ ಕಾಣ್ತಿಲ್ಲ."

ಓದಿ ಮುಗಿಯುವಷ್ಟರಲ್ಲಿ ಎರಡನೆಯದು ಬಂದಿತ್ತು. ಬಾಯಿ ನಿಲ್ಲಬೇಕಲ್ಲ? "ಆ ಷರ್ಟಿಗೆ ಇಸ್ತ್ರಿ ಆಗಿಲ್ಲ."

ನಾನು ಭೂಮಿ ಬಾಯಿ ಬಿಡಲಿ ಎಂದು ಹಳದಿ ಚೌಕ ನೋಡಿದೆ, ಅದು ಬಿಡಲಿಲ್ಲ. ಲಿಮ್ ಅಂಕಲ್ ಮುಖವನ್ನು ವೈರುಗಳ ಕಡೆ ತಿರುಗಿಸಿಕೊಂಡರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ಮುಖ್ಯಸ್ಥರು ತಿರುಗಿ ಕ್ಯಾಮೆರಾ ನೋಡಿ, "ಸಾರಿ, ಸಾರಿ" ಎಂದು ಪಕ್ಕಕ್ಕೆ ಸರಿದರು. ಸರಿದ ಮೇಲೆ, ಬಂದ ಕೆಲಸ ನೆನಪಾಗಿರಬೇಕು, ಆಚೆಯವರನ್ನು ಉದ್ದೇಶಿಸಿ ಗಂಭೀರವಾಗಿ ಮಾತಾಡಿದರು. ನೀವು ಶ್ರದ್ಧೆಯಿಂದ ಕೇಳುತ್ತೀರಿ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಕೇಳುವುದು ಬೇರೆ, ಹಾಜರಿರುವುದು ಬೇರೆ. ನಿಯಮದಲ್ಲಿ ಇರುವುದು ತರಗತಿಯ ಸೀಟಿನಲ್ಲಿ ವಿದ್ಯಾರ್ಥಿ ಇರಬೇಕು ಎಂದು. ನಿಮ್ಮ ಸೀಟು ಖಾಲಿ ಇರುವಾಗ ನಾನೇನು ಮಾಡಲಿ?

ಇಂಥ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯುವುದು ಮನೆಗೆ ಹೋಗಿ ಕಾಫಿ ಕುಡಿದ ಮೇಲೆ. ನಾಲ್ಕೈದು ಸೆಕೆಂಡು ಕಳೆಯಿತು. ಸ್ಪೀಕರ್ ಗೊರಗೊರ ಅಂದಿತು. ಹಲೀಮಾ.

"ಸರ್, ಗುಡ್ ಈವ್ನಿಂಗ್ ಸರ್. ನಾನು ಕ್ರೇನ್ ನಡೆಸೋಳು. ಕ್ರೇನ್ ಮೇಲೆ ಹತ್ತಲ್ಲ ಸರ್ ಈಗ, ಆಫೀಸ್‌ನಲ್ಲಿ ಸ್ಕ್ರೀನ್ ಮುಂದೆ ಕೂತು ಯಾರ್ಡ್‌ನಲ್ಲಿರೋ ಡಬ್ಬ ಎತ್ತೋದು. ಡಬ್ಬ ಎದ್ದೇಳುತ್ತೆ. ನೀನು ಕೆಲಸಕ್ಕೆ ಬಂದೇ ಇಲ್ಲ ಅಂತ ಯಾರೂ ಹೇಳಿಲ್ಲ ಸರ್."

"ಅದು ನಿಮ್ಮ ಕಂಪನಿ ನಿಯಮ" ಎಂದರು ಮುಖ್ಯಸ್ಥರು, ಸ್ವಲ್ಪ ಮೆತ್ತಗೆ. "ಇಲ್ಲಿಯದು ಸೀಟಿನ ನಿಯಮ."

ಮತ್ತೆ ಆ ನಾಲ್ಕೈದು ಸೆಕೆಂಡು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಸೆಕೆಂಡುಗಳನ್ನು ಹೆರಿಗೆ ಕೋಣೆಯಲ್ಲೂ ಕಂಡಿರಲಿಲ್ಲ.

"ಸೀಟಲ್ಲಿ ನಾವು ಇದೀವಿ ಸರ್" ಎಂದರು ಹಲೀಮಾ. "ಇಲ್ಲಾಂದ್ರೆ ನೀವ್ಯಾಕೆ ಕೂರ್ಲಿಲ್ಲ? ನೀವೇ ಹೇಳಿದ್ರಲ್ಲ ಲಾ, ಅಲ್ಲಿ ಜನ ಇದಾರೆ ಅಂತ."

ಮುಖ್ಯಸ್ಥರು ಕೊನೆಯ ಸಾಲಿನ ಕುರ್ಚಿ ನೋಡಿದರು. ಪೊಟ್ಟಣ ನೋಡಿದರು. ಒಂಬತ್ತು ಕುರ್ಚಿಗಳನ್ನೂ ಒಂದೊಂದಾಗಿ ನೋಡಿದರು. ಅಷ್ಟು ಹೊತ್ತು ನಿಂತ ಅವರ ಕಾಲು ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಮೊದಲು ಅವರ ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ, ಆಮೇಲೆ ಒಳಗಿನಿಂದ ತಡೆಯಲಾರದೆ ನಗು ಬಂತು. ಅವರು ನಕ್ಕದ್ದೇ ಸಾಕು, ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡಿತು. ವೇ ಮಿಂಗ್ ಮೇಜು ಗುದ್ದಿದ. ನಾನು ಎರಡು ಕಾಲೂ ಚೌಕದ ಹೊರಗಿಟ್ಟು ನಿಂತಿದ್ದೆ, "ಔಟ್" ಎನ್ನುವವರೇ ಇರಲಿಲ್ಲ. ಮುಖ್ಯಸ್ಥರಿಗೆ ನಗುವಿನಲ್ಲಿ ಕಣ್ಣೀರು ಬಂದು, ಜೇಬಿನಲ್ಲಿ ಕರವಸ್ತ್ರ ಸಿಗದೆ, ಆ ಕುರ್ಚಿಯ ಪೊಟ್ಟಣಕ್ಕೆ ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿ, ಕ್ಯಾಮೆರಾದ ಕಡೆ ತಿರುಗಿ ಕೇಳಿದರು.

"ಮೇಡಂ, ಒಂದು ಟಿಶ್ಯೂ ತಗೋಬಹುದಾ?"

ಕಾದೆವು.

"ಕ್ಯಾನ್, ಕ್ಯಾನ್! ಎರಡು ತಗೊಳ್ಳಿ ಸರ್."

ಮೂರು ದಿನ ಬಿಟ್ಟು ಆಫೀಸಿನಿಂದ ಮತ್ತೊಂದು ಇಮೇಲ್ ಬಂತು. ಒಂಬತ್ತು ಜನರಿಗೂ ಹಾಜರಿ ಕೊಡಲಾಗಿದೆ. ಪರೀಕ್ಷೆಗೆ ಮಾತ್ರ ಖುದ್ದಾಗಿ ಬರತಕ್ಕದ್ದು. ನಾನು ಅದನ್ನು ಎಂಆರ್‌ಟಿ ರೈಲಿನಲ್ಲಿ ನಿಂತು ಓದಿ, ಪಕ್ಕದ ಅಪರಿಚಿತ ಆಂಟಿಯ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಅವರು ಮುಂದಿನ ಸ್ಟೇಷನ್ನಿನಲ್ಲಿ ಬೇರೆ ಡಬ್ಬಿಗೆ ಹೋದರು.

ಪರೀಕ್ಷೆಯ ದಿನ ಮಧ್ಯಾಹ್ನ ನಾನೇ ಮೇಲ್ವಿಚಾರಕಿ. ಗಂಟೆ ಬಾರಿಸಲು ಎರಡು ನಿಮಿಷವಿದ್ದಾಗ ದಪ್ಪ ಹಿಮ್ಮಡಿಯ ಬೂಟು ಟಪಟಪ ಬಡಿಯುತ್ತ, ತಲೆಗೆ ನೀಲಿ ಸ್ಕಾರ್ಫ್ ಕಟ್ಟಿದ, ಅಗಲ ಮುಖದ ಹೆಂಗಸೊಬ್ಬರು ಏದುಸಿರು ಬಿಡುತ್ತ ಒಳಬಂದರು. ಬಾಯಿ ತೆರೆಯುವವರೆಗೆ ಯಾರೆಂದು ಗೊತ್ತಾಗಲಿಲ್ಲ. "ಮ್ಯಾಮ್, ನೀವು ಇಷ್ಟು ಕುಳ್ಳಗಾ!" ಎಂದರು. ಅವರನ್ನು ಕಂಡಾಗ ಏನೇನೋ ಹೇಳಬೇಕೆಂದು ವಾರದಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ.

"ಊಟ ಆಯ್ತಾ?" ಎಂದೆ.

"ಶಿಫ್ಟ್ ಮುಗಿಸಿ ನೇರ ಬಂದೆ ಮ್ಯಾಮ್. ಫಸ್ಟ್ ಎಕ್ಸಾಮ್, ಆಮೇಲೆ ಊಟ."

ಗಂಟೆ ಹೊಡೆಯಿತು. ಎಲ್ಲರೂ ತಲೆ ತಗ್ಗಿಸಿದರು. ನಾನು ಕಿಟಕಿಯ ಬಳಿ ನಿಂತು ಹಲೀಮಾರ ಬೆನ್ನು ನೋಡುತ್ತಿದ್ದೆ. ಮೊದಲ ಅರ್ಧ ಗಂಟೆ ಪೆನ್ನು ಅಲ್ಲಾಡಲೇ ಇಲ್ಲ ಎನಿಸಿತು. ಆಮೇಲೆ ಅಲ್ಲಾಡಿತು, ಆಮೇಲೆ ಓಡಿತು. ಒಂದೂವರೆ ಗಂಟೆಯಾಗಿರಬೇಕು. ಅಷ್ಟು ದೊಡ್ಡ ಹಾಲಿನಲ್ಲಿ ಎಲ್ಲರಿಗಿಂತ ಮೊದಲು ಒಂದು ಕೈ ಮೇಲೆದ್ದಿತು, ನೀಲಿ ಸ್ಕಾರ್ಫಿನ ಪಕ್ಕದಲ್ಲಿ.

"ಮ್ಯಾಮ್, ಪೇಪರ್ ಮುಗೀತು. ಇನ್ನೊಂದು ಹಾಳೆ ಕೊಡ್ತೀರಾ?"

ಪರೀಕ್ಷೆಯ ಹಾಲಿನಲ್ಲಿ ಓಡಬಾರದು ಎಂಬ ನಿಯಮವನ್ನು ಪರೀಕ್ಷೆ ಶುರುವಾಗುವ ಮುಂಚೆ ನಾನೇ ಮೈಕಿನಲ್ಲಿ ಓದಿ ಹೇಳಿದ್ದೆ. ಓಡಿದೆ. ಅವರು ಕೇಳಿದ್ದು ಒಂದು ಹಾಳೆ. ನಾನು ಕೊಟ್ಟದ್ದು ಐದು.